ಬಾಲ್ಕನಿಯ ಕಿತ್ತಳೆ

ಕಿತ್ತಳೆಯ ಹೂವು ಹಣ್ಣಾಗಿ ಕೈಗೆ ಬರಲು ಎಂಟರಿಂದ ಹತ್ತು ತಿಂಗಳು ಬೇಕು. ವೆಲೆನ್ಸಿಯಾದಂಥ ತಡವಾಗಿ ಮಾಗುವ ತಳಿಗೆ ವರ್ಷ ದಾಟುವುದೂ ಉಂಟು. ಮನೆಯಲ್ಲಿ ಬೆಳೆಸುವ ಗಿಡಗಳಲ್ಲಿ ಇಷ್ಟು ದೀರ್ಘ ಬಸಿರು ಹೊರುವವು ಕಡಿಮೆ. ಹೀಗಾಗಿ ಕಿತ್ತಳೆಯಲ್ಲಿ ಇವತ್ತು ಕಂಡ ತೊಂದರೆಯ ಕಾರಣ ಬಹಳ ಸಲ ಇವತ್ತಿನದಾಗಿರುವುದಿಲ್ಲ. ಅಕ್ಟೋಬರಿನಲ್ಲಿ ಕಾಯಿ ಬಿರಿದರೆ ಆಗಸ್ಟಿನಲ್ಲಿ ನೀರು ತಪ್ಪಿರುತ್ತದೆ. ಡಿಸೆಂಬರಿನಲ್ಲಿ ಸುಲಿದ ಹಣ್ಣಿನ ಒಂದು ಮಗ್ಗುಲು ಒಣಗಿದ್ದರೆ ಅದರ ಮೇಲೆ ಜುಲೈ ತಿಂಗಳ ಬಿಸಿಲು ಬಿದ್ದಿರುತ್ತದೆ. ಔಷಧಿಯ ಬಾಟಲಿಗೆ ಕೈ ಹಾಕುವ ಮೊದಲು ಗೋಡೆಯ ಕ್ಯಾಲೆಂಡರನ್ನು ಹಿಂದಕ್ಕೆ ಮಗುಚಿ ನೋಡಬೇಕಾದ ಗಿಡ ಇದು. ಮನೆಯ ಕಿತ್ತಳೆಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ನೀರು, ಬಿಸಿಲು, ಉಪ್ಪು, ಕಾಲ ಈ ನಾಲ್ಕರ ಲೆಕ್ಕ ತಪ್ಪಿದ್ದರಿಂದ ಬಂದವು; ಹುಳಕ್ಕೂ ರೋಗಕ್ಕೂ ಸೇರಿದವು ಆಮೇಲಿನವು.

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್ ಗೋಪುರಗಳ ಊರು. ಬುಡದಲ್ಲಿ ಅಲ್ಲಲ್ಲಿ ಒಂದಿಷ್ಟು ವಿಲ್ಲಾ, ಟೌನ್‌ಹೌಸ್ ಬಿಟ್ಟರೆ ಉಳಿದವರಿಗೆಲ್ಲ ಹಿತ್ತಿಲೆಂದರೆ ಬಾಲ್ಕನಿ. ಮಂಗಳೂರು, ಉಡುಪಿ, ಕೊಡಗು, ಬೆಂಗಳೂರಿನಿಂದ ಬಂದು ನೆಲೆಸಿದ ಮನೆಗಳ ಬಾಲ್ಕನಿಯಲ್ಲಿ ಮೊದಲು ತುಳಸಿ, ಆಮೇಲೆ ಕರಿಬೇವು, ದೊಡ್ಡಪತ್ರೆ ಬರುತ್ತವೆ. ಮೀನಾ ಝಾಯೆದ್‌ನ ಗಿಡದ ಮಾರುಕಟ್ಟೆಗೆ ಒಮ್ಮೆ ಹೋದವರು ಹಣ್ಣು ತೂಗುತ್ತಿರುವ ಕಿತ್ತಳೆ ಗಿಡ ಕಂಡು ಸುಮ್ಮನೆ ಮರಳುವುದು ಕಷ್ಟ. ಅರಬ್ಬಿಯಲ್ಲಿ ಅದನ್ನು ಬುರ್ತುಕಾಲ್ ಎನ್ನುತ್ತಾರೆ. ಪೋರ್ಚುಗಲ್ ದೇಶದ ಹೆಸರೇ ಹಣ್ಣಿಗೆ ನಿಂತದ್ದು. ಅರಬ್ಬಿಯ ನಾರಂಜ್ ಎಂದರೆ ಹುಳಿ-ಕಹಿ ಕಿತ್ತಳೆ, ಅದು ಸಂಸ್ಕೃತದ ನಾರಂಗದಿಂದ ಪಾರ್ಸಿಯ ದಾರಿ ಹಿಡಿದು ಹೋದ ಮಾತು.

ಕನ್ನಡದಲ್ಲಿ ಕಿತ್ತಳೆ ಎಂದಾಗ ಕಣ್ಣಿಗೆ ಬರುವುದು ಕೊಡಗಿನ ಕಿತ್ತಳೆ: ಸಿಪ್ಪೆ ಸಡಿಲ, ಉಗುರು ತಾಗಿಸಿದರೆ ಸಾಕು, ತೊಳೆ ಬಿಡಿಬಿಡಿಯಾಗುತ್ತದೆ. ತೋಟಗಾರಿಕೆಯ ಪುಸ್ತಕಗಳಲ್ಲಿ ಇದು ಮ್ಯಾಂಡರಿನ್ ಗುಂಪಿನದು. ಗಲ್ಫಿನಲ್ಲಿ ಆರೆಂಜ್ ಎಂದು ಮಾರುವ ಗಿಡಗಳಲ್ಲಿ ಬಹಳಷ್ಟು ಬಿಗಿ ಸಿಪ್ಪೆಯ ಸಿಹಿ ಕಿತ್ತಳೆ, ನಮ್ಮ ಮೂಸಂಬಿ-ಸಾತಗುಡಿಯ ಬಂಧು. ಹಣ್ಣಿನ ತುದಿಯಲ್ಲಿ ಹೊಕ್ಕುಳಿನಂಥ ಗುಳಿ ಇದ್ದರೆ ಅದು ನೇವಲ್. ಯಾವುದೆಂದು ತಿಳಿದುಕೊಂಡರೆ ಮುಂದಿನ ಅರ್ಧ ಕೆಲಸ ಹಗುರ, ಏಕೆಂದರೆ ತೊಂದರೆಗಳೂ ಗುಂಪಿಗೆ ತಕ್ಕಂತೆ ಬರುತ್ತವೆ. ನೇವಲ್ ಬಿರಿಯುತ್ತದೆ; ಸಡಿಲ ಸಿಪ್ಪೆಯದು ಮರದಲ್ಲೇ ಉಬ್ಬಿ ಒಳಗೆ ಟೊಳ್ಳಾಗುತ್ತದೆ.

ಬಾಲ್ಕನಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಗಿಡ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಅಬುಧಾಬಿ ಕರ್ಕಾಟಕ ವೃತ್ತಕ್ಕಿಂತ ಒಂದು ಡಿಗ್ರಿಯಷ್ಟು ಉತ್ತರಕ್ಕಿದೆ. ಜೂನ್ ಕೊನೆಯಲ್ಲಿ ನಡುಹಗಲ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೆ ಇರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಸರಿದು ಸುಮಾರು 42 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಮೇಲೆ ಇನ್ನೊಂದು ಮನೆಯ ಚಾವಣಿ ಇರುವ ದಕ್ಷಿಣ ಬಾಲ್ಕನಿಗೆ ಹೀಗಾಗಿ ಬೇಸಿಗೆಯ ನೆರಳು, ಚಳಿಗಾಲದ ಬಿಸಿಲು ಎರಡೂ ತಾನಾಗಿ ಸಿಗುತ್ತವೆ. ಪೂರ್ವದ ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತದೆ, ಮಧ್ಯಾಹ್ನದ ಉರಿ ತಪ್ಪುತ್ತದೆ. ಕಿತ್ತಳೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪಶ್ಚಿಮದಲ್ಲಿ ಸಂಜೆಯವರೆಗೆ ಬೆಂಕಿ, ಎದುರು ಗೋಪುರದ ಗಾಜಿನಿಂದ ಮರಳಿ ಬರುವ ಬಿಸಿಲು ಬೇರೆ. ಉತ್ತರದ ಬಾಲ್ಕನಿಯಲ್ಲಿ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ. ಅಲ್ಲಿ ಗಿಡ ಹಸಿರಾಗಿ ಬದುಕುತ್ತದೆ, ಹಣ್ಣಿನ ಆಸೆ ಮಾತ್ರ ಬಿಡಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಕಾಣದ ಕಿತ್ತಳೆ ಹೂ ಬಿಡುವುದು ಅಪರೂಪ, ಅದಕ್ಕೆ ಯಾವ ಗೊಬ್ಬರವೂ ಮದ್ದಾಗುವುದಿಲ್ಲ.

ಇನ್ನು ನೀರು. ನಲ್ಲಿಯಲ್ಲಿ ಬರುವುದು ಉಪ್ಪು ತೆಗೆದ ಸಮುದ್ರದ ನೀರು. ಕುಂಡಕ್ಕೆ ಅದು ಒಳ್ಳೆಯದೇ, ಅದರಲ್ಲಿ ಲವಣ ಕಡಿಮೆ. ತೊಂದರೆ ಇರುವುದು ಅದರ ಬಿಸಿಯಲ್ಲಿ. ಜುಲೈ-ಆಗಸ್ಟಿನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು ಬರುವುದು ಗಲ್ಫಿನಲ್ಲಿ ಇದ್ದವರಿಗೆಲ್ಲ ಗೊತ್ತು. ಆ ನೀರನ್ನು ನೇರ ಬುಡಕ್ಕೆ ಸುರಿದರೆ ಮಣ್ಣಿನ ಮೇಲ್ಪದರದ ಎಳೆ ಬೇರುಗಳು ಬೇಯುತ್ತವೆ. ರಾತ್ರಿ ಬಕೆಟ್ ತುಂಬಿಸಿ ಮನೆಯೊಳಗೆ ಇಟ್ಟು ಬೆಳಿಗ್ಗೆ ಹಾಕುವ ಮನೆಗಳಲ್ಲಿ ಗಿಡ ನೆಮ್ಮದಿಯಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವೂ ಇದೇ ಕಾರಣಕ್ಕೆ ಬೇಡ. ಪಶ್ಚಿಮಕ್ಕೆ ತಾಗಿದ ಅದರ ಮಗ್ಗುಲನ್ನು ಮಧ್ಯಾಹ್ನ ಮುಟ್ಟಿದರೆ ಅಂಗೈ ಸುಡುತ್ತದೆ, ಒಳಗೆ ಆ ಗೋಡೆಗೆ ಅಂಟಿಕೊಂಡೇ ಬೇರು ಹಬ್ಬಿರುತ್ತದೆ. ತಿಳಿ ಬಣ್ಣದ, ಎರಡು ಅಡಿ ಅಗಲದ ಕುಂಡ, ಅದಕ್ಕೊಂದು ಗಾಲಿ ಹಲಗೆ ಇದ್ದರೆ ವರ್ಷವಿಡೀ ಅನುಕೂಲ. ಗಾಲಿಯ ಉಪಯೋಗ ಮುಂದೆ ತಿಳಿಯುತ್ತದೆ.

ಹೂವು ಬರುವುದು ಫೆಬ್ರವರಿ-ಮಾರ್ಚಿನಲ್ಲಿ. ಚಳಿಗಾಲದ ತಂಪಿನಲ್ಲಿ ಸುಮ್ಮನಿದ್ದ ಗಿಡ ಬಿಸಿಲು ಬಲಿಯುತ್ತಿದ್ದಂತೆ ಮೊಗ್ಗಿನ ಗೊಂಚಲು ಹೊರಡಿಸುತ್ತದೆ. ಮೂವತ್ತನೆಯ ಮಹಡಿಗೆ ಜೇನುನೊಣ ಬರುವುದಿಲ್ಲವೆಂದು, ಬಣ್ಣದ ಕುಂಚ ಹಿಡಿದು ಪರಾಗ ಹಚ್ಚುವವರಿದ್ದಾರೆ. ಸಿಹಿ ಕಿತ್ತಳೆಗೆ ಅದು ಬೇಡ. ಅದರ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ನೇವಲ್‌ಗೆ ಅದೂ ಬೇಡ; ಪರಾಗವೇ ಇಲ್ಲದೆ, ಬೀಜವೇ ಇಲ್ಲದೆ ಹಣ್ಣಾಗುವ ತಳಿ ಅದು. ಬ್ರೆಜಿಲಿನ ಬಾಹಿಯಾದಲ್ಲಿ ಹುಟ್ಟಿದ ಈ ತಳಿಯ ಗಿಡಗಳು 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ತಲುಪಿದವು, ಅಲ್ಲಿನ ದೊಡ್ಡ ಕಿತ್ತಳೆ ಉದ್ಯಮ ಬೆಳೆದದ್ದು ಅವುಗಳಿಂದ. ಬೀಜವಿಲ್ಲದ್ದರಿಂದ ಅಂದಿನಿಂದ ಇಂದಿನವರೆಗೂ ಕಸಿಯಿಂದಲೇ ಅದರ ವಂಶ ಸಾಗಿದೆ.

ಹೂವು ಉದುರುವುದು ಕಿತ್ತಳೆ ಸಾಕಿದವರ ಮೊದಲ ದುಃಖ. ಬೆಳಿಗ್ಗೆ ಬಾಗಿಲು ತೆರೆದರೆ ಟೈಲ್ಸಿನ ಮೇಲೆ ಬಿಳಿ ಪಕಳೆಗಳು, ಅವುಗಳ ನಡುವೆ ಮೆಣಸಿನ ಕಾಳಿನಷ್ಟು ಹಸಿರು ಹೀಚುಗಳು. ಕಿತ್ತಳೆ ಮರ ಬಿಡುವ ನೂರು ಹೂವಿನಲ್ಲಿ ಹಣ್ಣಾಗಿ ನಿಲ್ಲುವುದು ಒಂದೋ ಎರಡೋ. ಉಳಿದದ್ದೆಲ್ಲ ಮರ ತಾನೇ ಲೆಕ್ಕ ಹಾಕಿ ಬಿಟ್ಟುಕೊಟ್ಟದ್ದು. ಹೂ ಉದುರಿದ ಮೇಲೆ ಒಂದು ಸುತ್ತು, ಹೀಚು ಗೋಲಿಯಷ್ಟಾದ ಮೇಲೆ ಇನ್ನೊಂದು ಸುತ್ತು ಉದುರುತ್ತದೆ. ಎಲೆ ಹಸಿರಾಗಿ, ಅಗಲವಾಗಿ, ಹೊಳೆಯುತ್ತ ಇದ್ದರೆ ಈ ಉದುರಿಗೆ ಹೆದರಬೇಕಿಲ್ಲ.

ಹೆದರಬೇಕಾದ ಉದುರು ಬೇರೆ ರೀತಿಯದು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಮ್ಮೆಲೇ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ, ವಾಯವ್ಯದಿಂದ ಶಮಾಲ್ ಗಾಳಿ ಧೂಳು ಹೊತ್ತು ಬೀಸುತ್ತದೆ. ಎತ್ತರದ ಮಹಡಿಯಲ್ಲಿ ಗಾಳಿಯ ಹೊಡೆತ ಇನ್ನೂ ಜೋರು. ಎಲೆ ಕಳೆದುಕೊಳ್ಳುವಷ್ಟು ನೀರನ್ನು ಬೇರು ತಂದುಕೊಡಲಾಗದೆ ಹೋದಾಗ ಗಿಡ ಮೊದಲು ಕೈಬಿಡುವುದು ಹೀಚನ್ನು. ಆಗ ಎಲೆ ದೋಣಿಯ ಹಾಗೆ ಮಡಚಿಕೊಂಡಿರುತ್ತದೆ, ಎರಡು ಮೂರು ದಿನದಲ್ಲಿ ಇದ್ದ ಹೀಚೆಲ್ಲ ನೆಲಕ್ಕೆ ಬರುತ್ತದೆ. ಇದಕ್ಕೆ ಉಪಾಯ ಮುಂಚಿತವಾಗಿ ಮಾಡಿದರಷ್ಟೇ ಫಲ. ಹೂವಿನ ಕಾಲದಿಂದ ಮೇ ಕೊನೆಯವರೆಗೆ ಕುಂಡದ ಮಣ್ಣು ಒಣಗಲು ಬಿಡಬಾರದು, ಗಾಳಿ ಬಡಿಯುವ ಕಡೆಗೆ ಒಂದು ಬಲೆ ಕಟ್ಟಬೇಕು, ಮಣ್ಣಿನ ಮೇಲೆ ತೆಂಗಿನ ನಾರು ಇಲ್ಲವೇ ಒಣ ಎಲೆ ಹೊದಿಸಬೇಕು. ಹೂ ಬಿಟ್ಟಾಗ ಖುಷಿಯಿಂದ ಸಾರಜನಕದ ಗೊಬ್ಬರ ಧಾರಾಳವಾಗಿ ಹಾಕುವುದೂ ಹೀಚು ಉದುರಿಸುತ್ತದೆ. ಗಿಡ ಚಿಗುರಿಗೆ ಮನಸ್ಸು ಕೊಟ್ಟು ಕಾಯಿಯನ್ನು ಮರೆಯುತ್ತದೆ. ಗೊಬ್ಬರವನ್ನು ಸ್ವಲ್ಪಸ್ವಲ್ಪವಾಗಿ, ಹೂವಿಗೆ ಮೊದಲು ಒಮ್ಮೆ, ಕಾಯಿ ನಿಂತ ಮೇಲೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ ಕೊಡುವುದು ಸರಿಯಾದ ಕ್ರಮ. ಕರ್ನಾಟಕದ ತೋಟಗಳಲ್ಲಿ ಕಾಯಿ ನಿಲ್ಲಿಸಲು ಎನ್‌ಎಎ ಎಂಬ ಹಾರ್ಮೋನು ಸಿಂಪಡಿಸುವುದುಂಟು. ಒಂದೆರಡು ಕುಂಡಗಳಿಗೆ ಅದರ ಅಗತ್ಯ ಇಲ್ಲ.

ಕೆಲವು ಸಲ ಉದುರದೆ ನಿಂತದ್ದೇ ತೊಂದರೆಯಾಗುತ್ತದೆ. ಮಾರುಕಟ್ಟೆಯಿಂದ ತಂದ ಮೊದಲ ವರ್ಷ ಮೊಣಕಾಲೆತ್ತರದ ಗಿಡದಲ್ಲಿ ಹದಿನೈದು ಕಾಯಿ ನಿಂತರೆ ನೋಡಲು ಚಂದ. ಆದರೆ ಅಷ್ಟನ್ನೂ ಬೆಳೆಸುವ ಶಕ್ತಿ ಆ ಬೇರಿಗೆ ಇರುವುದಿಲ್ಲ. ಹಣ್ಣು ನಿಂಬೆಯ ಗಾತ್ರಕ್ಕೆ ನಿಂತುಬಿಡುತ್ತದೆ, ಮರುವರ್ಷ ಗಿಡ ಹೂವೇ ಬಿಡದೆ ಸುಧಾರಿಸಿಕೊಳ್ಳುತ್ತದೆ. ಗೋಲಿಯಷ್ಟಿರುವಾಗಲೇ ನಾಲ್ಕೈದನ್ನು ಉಳಿಸಿ ಮಿಕ್ಕಿದ್ದನ್ನು ಕಿತ್ತುಹಾಕಬೇಕು. ಕೈ ಬರುವುದಿಲ್ಲ, ನಿಜ. ಆದರೂ ಗಿಡದ ಮೇಲೆ ಪ್ರೀತಿ ಇದ್ದವರು ಇದನ್ನು ಮಾಡಲೇಬೇಕು.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾಯಿಯ ಶತ್ರು ಬಿಸಿಲು. ಪಶ್ಚಿಮಕ್ಕೆ ಮುಖ ಮಾಡಿದ ಕಾಯಿಯ ಮೈ ಮೊದಲು ತಿಳಿ ಹಳದಿಯಾಗುತ್ತದೆ, ಆಮೇಲೆ ಕಂದಾಗಿ ತೊಗಲಿನಂತೆ ಗಡುಸಾಗುತ್ತದೆ. ಮುಟ್ಟಿದರೆ ಆ ಭಾಗ ಚಪ್ಪಟೆ. ಕತ್ತರಿಸಿದರೆ ಸುಟ್ಟ ಸಿಪ್ಪೆಯ ಕೆಳಗಿನ ಎರಡು ಮೂರು ತೊಳೆ ರಸವಿಲ್ಲದೆ ಬಿಳಿಚಿರುತ್ತವೆ, ಉಳಿದವು ಚೆನ್ನಾಗಿಯೇ ಇರುತ್ತವೆ. ರೋಗವಾದರೆ ಹೀಗೆ ಒಂದೇ ದಿಕ್ಕನ್ನು ಆರಿಸಿಕೊಂಡು ಬರುವುದಿಲ್ಲ. ಸುಟ್ಟ ಮೈಗಳೆಲ್ಲ ಒಂದೇ ದಿಕ್ಕಿಗೆ ಇದ್ದರೆ ಅದು ಬಿಸಿಲಿನ ಕೆಲಸ ಎಂದು ಧೈರ್ಯವಾಗಿ ಹೇಳಬಹುದು.

ಇದಕ್ಕೆ ಪರಿಹಾರ ಕಿತ್ತಳೆಯ ಹಳೆಯ ಊರುಗಳಲ್ಲೇ ಇದೆ. ಕೊಡಗಿನಲ್ಲಿ ಕಿತ್ತಳೆ ಬೆಳೆದದ್ದು ಕಾಫಿಯ ನಡುವೆ, ದೊಡ್ಡ ಮರಗಳ ಚದುರಿದ ನೆರಳಿನಲ್ಲಿ. ಅಬುಧಾಬಿ ಎಮಿರೇಟಿನದೇ ಆದ ಅಲ್ ಐನ್ ಓಯಸಿಸ್‌ನಲ್ಲಿ ಫಲಜ್ ಕಾಲುವೆಯ ನೀರುಂಡು ಬೆಳೆಯುವ ನಿಂಬೆ, ಕಿತ್ತಳೆಗಳು ಖರ್ಜೂರದ ಮರಗಳ ಕೆಳಗಿವೆ. ಮಲೆನಾಡು, ಮರುಭೂಮಿ ಎರಡು ಕಡೆಯ ರೈತರೂ ಒಬ್ಬರನ್ನೊಬ್ಬರು ಕಾಣದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಈ ಮರಕ್ಕೆ ತಲೆಯ ಮೇಲೆ ಒಂದು ಕೊಡೆ ಬೇಕು. ಬಾಲ್ಕನಿಯಲ್ಲಿ ಖರ್ಜೂರದ ಬದಲು ನೆರಳು ಬಲೆ. ಶೇಕಡಾ ಮೂವತ್ತರಿಂದ ಐವತ್ತರಷ್ಟು ಬಿಸಿಲು ತಡೆಯುವ ಬಲೆ ಸಾಕು, ಅದಕ್ಕಿಂತ ದಟ್ಟವಾದರೆ ಕಾಯಿ ಬೆಳೆಯುವುದಿಲ್ಲ. ಬೇಸಿಗೆಗೆ ಮುಂಚೆ ಕೊಂಬೆ ಸವರುವುದು ದೊಡ್ಡ ತಪ್ಪು. ಕಾಯಿಗೆ ಮರೆಯಾಗಿದ್ದ ಎಲೆಯನ್ನು ನಾವೇ ತೆಗೆದಂತಾಗುತ್ತದೆ. ಬರಿದಾದ ಕಾಂಡಕ್ಕೆ ಸುಣ್ಣ ಬಳಿಯುವ ಊರಿನ ರೂಢಿ ಇಲ್ಲಿಗೂ ಹೊಂದುತ್ತದೆ.

ರೀಮ್ ಐಲ್ಯಾಂಡಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯಿ ಬಲಿ ತೆಗೆದುಕೊಳ್ಳುವುದು ಬಿರುಕು. ಅದರ ಕಾರಣ ಹವೆಯಲ್ಲಷ್ಟೇ ಇಲ್ಲ, ಮನೆಯ ದಿನಚರಿಯಲ್ಲೂ ಇದೆ. ಜುಲೈ ಬಂದರೆ ಮಕ್ಕಳಿಗೆ ಶಾಲೆ ರಜೆ, ಮನೆಮಂದಿ ಊರಿಗೆ ಹೊರಡುತ್ತಾರೆ. ಮಂಗಳೂರಿನಲ್ಲಿ ಮಳೆ ಹೊಡೆಯುತ್ತಿರುವಾಗ ಇಲ್ಲಿ ಬಾಲ್ಕನಿಯಲ್ಲಿ ಗಿಡ ಒಂಟಿ. ಪಕ್ಕದ ಮನೆಯವರ ಕೈಗೆ ಕೀ ಕೊಟ್ಟು ಹೋದರೂ ಅವರು ಎರಡು ದಿನಕ್ಕೊಮ್ಮೆ ಬಂದು ಒಂದು ಚೊಂಬು ಹಾಕಿಯಾರು. ಗಿಡ ಸಾಯುವುದಿಲ್ಲ. ಬೆಳವಣಿಗೆ ನಿಲ್ಲಿಸಿ ಉಸಿರು ಹಿಡಿದುಕೊಂಡಿರುತ್ತದೆ, ಕಾಯಿಯ ಸಿಪ್ಪೆ ಗಟ್ಟಿಯಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಆಗಸ್ಟ್ ಕೊನೆಗೆ ಮರಳಿದವರು ಬಾಡಿದ ಗಿಡ ಕಂಡು ಮರುಗಿ ದಿನವೂ ಬಕೆಟ್‌ಗಟ್ಟಲೆ ಸುರಿಯುತ್ತಾರೆ. ಬೇರು ಕುಡಿದ ನೀರು ತೊಳೆಗೆ ಹೋಗುತ್ತದೆ, ತೊಳೆ ಉಬ್ಬುತ್ತದೆ, ಸಿಪ್ಪೆ ಉಬ್ಬಲಾರದು. ಸೆಪ್ಟೆಂಬರ್-ಅಕ್ಟೋಬರಿನ ಒಂದು ಬೆಳಿಗ್ಗೆ ಕಾಯಿಯ ತುದಿಯಲ್ಲಿ ಕೂದಲೆಳೆಯ ಗೀರು ಕಾಣುತ್ತದೆ. ನೇವಲ್ ಆದರೆ ಅದು ಹೊಕ್ಕುಳಿನಿಂದಲೇ ಶುರು, ಅಲ್ಲಿ ಸಿಪ್ಪೆ ತೆಳು. ಮರುದಿನ ಗೀರು ಮಗ್ಗುಲಿಗೆ ಏರಿರುತ್ತದೆ. ಮೂರನೆಯ ದಿನ ಕಾಯಿ ಬಾಯಿ ತೆರೆದು ಹಸಿ ತೊಳೆ ಹೊರಗೆ ಇಣುಕುತ್ತದೆ, ಇರುವೆ ಮುತ್ತುತ್ತದೆ.

ಬಿರಿದ ಕಾಯಿ ಕೂಡುವುದಿಲ್ಲ, ಕಿತ್ತು ಎಸೆಯಬೇಕು. ಗಿಡದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಉಳಿದವನ್ನು ಕಾಪಾಡಲು ನೀರನ್ನು ಮೆಲ್ಲಗೆ ಹೆಚ್ಚಿಸಬೇಕು: ಮೊದಲ ವಾರ ಕಡಿಮೆ, ಆಮೇಲೆ ಒಂದೇ ಸಮನೆ. ಗಿಡದ ಲೆಕ್ಕದಲ್ಲಿ ನೀರು ಎಷ್ಟು ಎನ್ನುವುದಕ್ಕಿಂತ ಎಷ್ಟು ಸಮನಾಗಿ ಎನ್ನುವುದು ದೊಡ್ಡದು. ಊರಿಗೆ ಹೋಗುವ ಮುನ್ನ ಬ್ಯಾಟರಿಯ ಟೈಮರ್ ಇರುವ ಹನಿ ನೀರಾವರಿ ಕೂರಿಸಿ, ಹೊರಡುವ ಮೊದಲಿನ ಎರಡು ವಾರ ಮನೆಯಲ್ಲಿದ್ದುಕೊಂಡೇ ಅದನ್ನು ಪರೀಕ್ಷಿಸಬೇಕು. ಕುಂಡವನ್ನು ಗಾಲಿಯ ಮೇಲೆ ಒಳಗೋಡೆಯ ನೆರಳಿಗೆ ತಳ್ಳಿ, ಮಣ್ಣಿಗೆ ದಪ್ಪ ಹೊದಿಕೆ ಹಾಕಿ ಹೋದರೆ ಗಿಡದ ಬಾಯಾರಿಕೆ ಅರ್ಧಕ್ಕೆ ಇಳಿದೀತು. ಪೊಟ್ಯಾಷ್ ಕೊರತೆ ಇದ್ದರೆ ಸಿಪ್ಪೆ ತೆಳುವಾಗಿ ಬಿರುಕು ಹೆಚ್ಚುತ್ತದೆ, ಆದ್ದರಿಂದ ಕಾಯಿ ಬೆಳೆಯುವಾಗ ಪೊಟ್ಯಾಷ್ ಇರುವ ಗೊಬ್ಬರ ಒಳ್ಳೆಯದು.

ಕಾಯಿ ನಿಂತು, ಬಿಸಿಲು ತಾಳಿ, ಬಿರಿಯದೆ ಬೆಳೆದರೂ ಕೆಲವು ಗಿಡಗಳಲ್ಲಿ ಅದು ಸಣ್ಣದಾಗಿಯೇ ಉಳಿಯುತ್ತದೆ, ಎಲೆಯ ತುದಿ ಸುಟ್ಟಂತೆ ಕಂದಾಗಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿಯ ಪಟ್ಟೆ ಇದೆಯೇ ನೋಡಬೇಕು. ಇದ್ದರೆ ಅದು ಉಪ್ಪು, ಗೊಬ್ಬರದಿಂದಲೂ ನೀರಿನಿಂದಲೂ ಉಳಿದುಕೊಂಡದ್ದು. ಹಣ್ಣಿನ ಮರಗಳಲ್ಲಿ ಕಿತ್ತಳೆ ಉಪ್ಪಿಗೆ ಬಲು ಮೆತ್ತಗಿನದು. ಖರ್ಜೂರ ಲೆಕ್ಕಿಸದೆ ಕುಡಿಯುವ ನೀರು ಇದಕ್ಕೆ ಆಗದು. ಉಪ್ಪನ್ನು ತೊಳೆಯಲು ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹಾಯಿಸಿ ಕೆಳಗಿನ ತೂತಿನಿಂದ ಹೊರಬಿಡಬೇಕು. ಗೋಪುರದ ಮನೆಗಳಲ್ಲಿ ಇದೇ ಕಷ್ಟ. ನೀರು ಕೆಳಗಿನ ಮನೆಯ ಬಾಲ್ಕನಿಗೆ ಇಳಿದರೆ ದೂರು ಬರುತ್ತದೆ, ಹಾಗಾಗಿ ಜನ ಕುಂಡದ ಕೆಳಗೆ ತಟ್ಟೆ ಇಡುತ್ತಾರೆ. ತಟ್ಟೆಯಲ್ಲಿ ನಿಂತ ಉಪ್ಪುನೀರನ್ನು ಮಣ್ಣು ಮತ್ತೆ ಮೇಲಕ್ಕೆ ಹೀರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಗಾಲಿಯ ಕುಂಡವನ್ನು ಬಚ್ಚಲಿಗೆ ತಳ್ಳಿಕೊಂಡು ಹೋಗಿ ಶವರ್ ಕೆಳಗೆ ನಿಲ್ಲಿಸಿ ತೊಳೆಯುವುದು ಸುಲಭದ ದಾರಿ. ಎಲೆಯ ಧೂಳೂ ಅದರ ಜೊತೆಗೆ ಹೋಗುತ್ತದೆ. ಎಸಿಯಿಂದ ಹನಿಯುವ ನೀರು ಸಿಗುವ ಮನೆಯಾದರೆ ಅದನ್ನೂ ಹಾಕಬಹುದು, ಅದರಲ್ಲಿ ಲವಣ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ.

ಊರಿನ ಮದ್ದುಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕರಾವಳಿಯ ಹಿತ್ತಿಲಲ್ಲಿ ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಹಾಕುತ್ತಾರೆ, ತೋಟಕ್ಕೆ ಸುಣ್ಣ ಹಾಕುತ್ತಾರೆ, ತೆಂಗಿಗೆ ಉಪ್ಪು ಹಾಕುವುದೂ ಉಂಟು. ಅಲ್ಲಿ ಅದು ಸರಿ. ಮಳೆ ತೊಳೆದು ತೊಳೆದು ಹುಳಿಯಾದ ಕೆಂಪು ಮಣ್ಣು ಅದು. ಅಬುಧಾಬಿಯ ಮರಳು ಸುಣ್ಣದ ಅಂಶ ತುಂಬಿದ ಕ್ಷಾರ ಮಣ್ಣು. ಅದಕ್ಕೆ ಬೂದಿ, ಮೊಟ್ಟೆಯ ಚಿಪ್ಪು ಸೇರಿಸಿದರೆ ಇದ್ದ ತೊಂದರೆ ಇಮ್ಮಡಿ. ಕ್ಷಾರ ಹೆಚ್ಚಾದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರು ಬಲೆಯಂತೆ ಎದ್ದು ಕಾಣುತ್ತವೆ. ಹಳೆಯ ಎಲೆ ಹಸಿರಾಗಿಯೇ ಇರುವುದು ಇದರ ಗುರುತು. ಮೊಳೆ, ತುಕ್ಕು ಕಬ್ಬಿಣ ಹೂತರೆ ಕೆಲಸವಾಗದು. ಇಡಿಡಿಎಚ್‌ಎ ಎಂದು ಪೊಟ್ಟಣದ ಮೇಲೆ ಬರೆದ ಕಬ್ಬಿಣದ ಕೀಲೇಟ್ ತಂದು ನೀರಿಗೆ ಕಲಸಿದರೆ ನೀರು ಕಡುಗೆಂಪಾಗುತ್ತದೆ, ಅದನ್ನು ಬುಡಕ್ಕೆ ಹಾಕಿದ ಕೆಲವು ವಾರಗಳಲ್ಲಿ ಹೊಸ ಚಿಗುರು ಹಸಿರಾಗಿ ಬರುತ್ತದೆ. ಕುಂಡಕ್ಕೆ ಹೊರಗಿನ ಮರಳು ತುಂಬದೆ ಕೊಕೊಪೀಟ್, ಕಾಂಪೋಸ್ಟ್, ಪರ್ಲೈಟ್ ಬೆರಸಿ ತುಂಬಿದವರಿಗೆ ಈ ಕಾಟ ಕಡಿಮೆ.

ಸುಲಿದ ಹಣ್ಣಿನೊಳಗಿನ ತೊಂದರೆಗಳಲ್ಲಿ ಮುಖ್ಯವಾದದ್ದು ಬೆಂಡಾಗುವುದು. ಹೊರಗೆ ದೊಡ್ಡ, ಚಂದದ ಹಣ್ಣು. ತೊಳೆಯ ಪೊರೆ ಬಿಡಿಸಿ ನೋಡಿದರೆ ರಸದ ಕಾಳುಗಳು ಉದುರು ಅನ್ನದ ಅಗುಳಿನಂತೆ ಬಿಡಿಬಿಡಿಯಾಗಿ, ಬೆಳ್ಳಗೆ, ಗಡುಸಾಗಿ ನಿಂತಿರುತ್ತವೆ. ಹಿಂಡಿದರೆ ಹನಿಯೂ ಇಲ್ಲ, ಕಚ್ಚಿದರೆ ಸಪ್ಪೆ. ತೊಟ್ಟಿನ ಕಡೆಯಿಂದ ಇದು ಶುರುವಾಗುತ್ತದೆ. ಎಳೆಯ ಗಿಡದ ಮೊದಲ ಬೆಳೆಗಳಲ್ಲಿ, ಗಾತ್ರ ಮೀರಿದ ಹಣ್ಣುಗಳಲ್ಲಿ, ಜಂಬೇರಿಯಂಥ ಜೋರಾಗಿ ಬೆಳೆಯುವ ಬೇರಿಗೆ ಕಸಿ ಕಟ್ಟಿದ ಗಿಡಗಳಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಮಾಗಿದ ಮೇಲೂ ಬಹಳ ದಿನ ಮರದಲ್ಲೇ ಬಿಟ್ಟಾಗ ಹೀಗಾಗುತ್ತದೆ. ನೋಡಲು ಚಂದವೆಂದು ಫೆಬ್ರವರಿಯವರೆಗೆ ಹಣ್ಣನ್ನು ಗಿಡದಲ್ಲೇ ಉಳಿಸಿಕೊಂಡವರಿಗೆ ಬೆಂಡು ಸಿಗುವುದು ಹೆಚ್ಚು. ಸಡಿಲ ಸಿಪ್ಪೆಯ ಕಿತ್ತಳೆಯನ್ನಂತೂ ಮಾಗಿದ ಕೂಡಲೇ ಕೊಯ್ಯಬೇಕು.

ಸಿಪ್ಪೆ ಹೆಬ್ಬೆರಳು ದಪ್ಪವಾಗಿ ಒಳಗೆ ಪುಟ್ಟ ಹಣ್ಣು ಸಿಕ್ಕರೆ ಸಾರಜನಕ ಹೆಚ್ಚಾಗಿದೆ, ರಂಜಕ ಸಾಲದಾಗಿದೆ, ಇಲ್ಲವೇ ಗಿಡಕ್ಕೆ ವಯಸ್ಸು ಸಾಲದು. ಮೂರು ನಾಲ್ಕು ವರ್ಷದಲ್ಲಿ ಅದು ತಾನಾಗಿ ತೆಳುವಾಗುತ್ತ ಬರುತ್ತದೆ. ಅಲ್ಲಿಯವರೆಗೆ ದಪ್ಪ ಸಿಪ್ಪೆ ವ್ಯರ್ಥವಲ್ಲ. ಹುಣಸೆ, ಬೆಲ್ಲ ಹಾಕಿ ಕುದಿಸಿದ ಕಿತ್ತಳೆ ಸಿಪ್ಪೆ ಗೊಜ್ಜಿಗೆ ಔಷಧಿ ಸಿಂಪಡಿಸದ ಮನೆಗಿಡದ ಸಿಪ್ಪೆಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ.

ಹುಳಿ ಎಂಬ ದೂರಿಗೆ ಎರಡು ಕಾರಣ. ಮೊದಲನೆಯದು ಅವಸರ. ಬಾಳೆ, ಮಾವಿನ ಹಾಗೆ ಕಿತ್ತ ಮೇಲೆ ಅಕ್ಕಿಯ ಡಬ್ಬದಲ್ಲಿಟ್ಟು ಹಣ್ಣು ಮಾಡುವ ಜಾತಿ ಇದಲ್ಲ. ತೊಟ್ಟಿನಿಂದ ಬೇರೆಯಾದ ಕ್ಷಣಕ್ಕೆ ಅದರ ಸಿಹಿ ಅಲ್ಲಿಗೇ ನಿಂತಿತು. ಬಣ್ಣ ನೋಡಿ ಕೊಯ್ಯಲು ಬಾರದಿರುವುದು ಇನ್ನೊಂದು ಗೊಂದಲ. ಸಿಪ್ಪೆಯ ಹಸಿರು ಕರಗಿ ಕೇಸರಿ ಮೂಡಲು ರಾತ್ರಿಯ ತಂಪು ಸುಮಾರು 13 ಡಿಗ್ರಿಗೆ ಇಳಿಯಬೇಕು. ಸಮುದ್ರದ ನಡುವಿನ ರೀಮ್ ಐಲ್ಯಾಂಡಿನಲ್ಲಿ, ಹಗಲೆಲ್ಲ ಕಾದ ಕಾಂಕ್ರೀಟಿನ ಮಗ್ಗುಲಲ್ಲಿ, ಅಂಥ ರಾತ್ರಿಗಳು ಜನವರಿಯಲ್ಲೂ ಕೆಲವೇ. ಆದ್ದರಿಂದ ಒಳಗೆ ಸಕ್ಕರೆಯಂಥ ಹಣ್ಣು ಹೊರಗೆ ಹಸಿರು-ಹಳದಿಯಾಗಿಯೇ ಇರಬಹುದು. ಹಸಿರು ಎಂದರೆ ಕಾಯಿ ಎಂಬ ಲೆಕ್ಕ ಇಲ್ಲಿ ಬಿಡಬೇಕು. ನವೆಂಬರ್ ಕೊನೆಯಿಂದ ಹದಿನೈದು ದಿನಕ್ಕೊಂದು ಹಣ್ಣು ಕಿತ್ತು ತಿಂದು ನೋಡುವುದೇ ನಂಬಬಹುದಾದ ಪರೀಕ್ಷೆ.

ಎರಡನೆಯ ಕಾರಣ ಗಂಭೀರವಾದದ್ದು. ಸಿಹಿ ಹಣ್ಣು ಕೊಡುತ್ತಿದ್ದ ಗಿಡ ಎರಡು ಮೂರು ವರ್ಷದಲ್ಲಿ ಮುಳ್ಳು ತುಂಬಿ ಹುಳಿ-ಕಹಿ ಹಣ್ಣು ಬಿಡತೊಡಗಿದರೆ ಕಸಿಯ ಗಂಟಿನ ಕೆಳಗೆ ಕಣ್ಣು ಹಾಯಿಸಬೇಕು. ಅಲ್ಲಿಂದ ಹೊರಟ ಚಿಗುರು ಬೇರುಗಿಡದ್ದು. ಅದು ಮೇಲಿನ ಕಸಿಕೊಂಬೆಗಿಂತ ಚುರುಕಾಗಿ ಬೆಳೆದು ಇಡೀ ಗಿಡವನ್ನು ನುಂಗುತ್ತದೆ. ಎಲೆಯಲ್ಲಿ ಗುರುತು ಹಿಡಿಯಬಹುದು. ಸಿಹಿ ಕಿತ್ತಳೆಯ ಎಲೆತೊಟ್ಟಿಗೆ ಕಿರಿದಾದ ರೆಕ್ಕೆ, ಹುಳಿ-ಕಹಿ ಕಿತ್ತಳೆಯ ತೊಟ್ಟಿಗೆ ಅಗಲವಾದ ರೆಕ್ಕೆ. ಮೂರು ಎಲೆಯ ಗೊಂಚಲಾಗಿದ್ದರೆ ಅದು ತ್ರಿಪರ್ಣಿ ಬೇರುಗಿಡ. ಇಂಥ ಚಿಗುರನ್ನು ಎಳೆಯದಾಗಿರುವಾಗಲೇ ಕೈಯಿಂದ ಮುರಿದು ತೆಗೆಯಬೇಕು, ಕತ್ತರಿಸಿದರೆ ಬುಡದ ಕಣ್ಣು ಮತ್ತೆ ಚಿಗುರುತ್ತದೆ. ಬೀಜದಿಂದ ಬೆಳೆಸಿದ ಗಿಡಕ್ಕೆ ಈ ಭಯ ಇಲ್ಲ, ಆದರೆ ಅದು ಹೂ ಬಿಡಲು ಆರೇಳು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತದೆ. ಬಾಡಿಗೆ ಮನೆಯ ಬದುಕಿಗೆ ಅಷ್ಟು ಪುರಸೊತ್ತು ಇರುವುದಿಲ್ಲ.

ಸಿಪ್ಪೆಯ ಮೇಲಿನ ಗೀರು, ಕಲೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೊಟ್ಟಿನ ಸುತ್ತ ಬೂದು ಬಳೆಯಂಥ ಗುರುತು ಹೀಚಾಗಿದ್ದಾಗ ಥ್ರಿಪ್ಸ್ ಕೆರೆದದ್ದು. ಅಡ್ಡಾದಿಡ್ಡಿ ಗೀರು ಗಾಳಿಗೆ ಕೊಂಬೆ ತಿಕ್ಕಿದ್ದು. ತುಕ್ಕಿನ ಬಣ್ಣದ ಒರಟು ಮೈ ನುಸಿಯದು. ಇವು ಒಳಗಿನ ರುಚಿಯನ್ನು ಮುಟ್ಟುವುದಿಲ್ಲ. ಹಣ್ಣಿನ ಮೇಲೆ ಕಪ್ಪು ಮಸಿ ಕೂತರೆ ಮಾತ್ರ ಮೇಲಿನ ಎಲೆಗಳಡಿ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇದೆ ಎಂದರ್ಥ. ಅವು ಸುರಿಸುವ ಅಂಟಿನ ಮೇಲೆ ಮಸಿ ಬೆಳೆಯುತ್ತದೆ, ಅಂಟಿಗಾಗಿ ಇರುವೆ ಕಾವಲು ಕಾಯುತ್ತದೆ. ಇರುವೆಯ ದಾರಿ ಕಟ್ಟಿ, ಸಂಜೆ ಹೊತ್ತು ಸೋಪಿನ ನೀರಿನಿಂದ ಎಲೆಯಡಿ ತೊಳೆದರೆ ಕುಂಡದ ಗಿಡಕ್ಕೆ ಸಾಕು. ಬೇವಿನೆಣ್ಣೆಯಂಥ ಎಣ್ಣೆಗಳನ್ನು ಬೇಸಿಗೆಯಲ್ಲಿ ಸಿಂಪಡಿಸಬಾರದು, ಬಿಸಿಲಿಗೆ ಎಲೆ ಸುಡುತ್ತದೆ.

ಒಂದು ಕೀಟದ ವಿಷಯದಲ್ಲಿ ಕನ್ನಡದ ಮನೆಗಳು ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಅದು ಕರಿಬೇವಿನ ಮೇಲೂ ಬದುಕುತ್ತದೆ. ಸಿಟ್ರಸ್ ಸಿಲ್ಲಾ ಎಂಬ ಈ ಪುಟ್ಟ ಕೀಟ ಎಳೆ ಚಿಗುರಿನ ಮೇಲೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ. ಕಿತ್ತಳೆಯ ಗ್ರೀನಿಂಗ್ ರೋಗವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ಇದೇ. ಕೊಡಗಿನ ಕಿತ್ತಳೆ ತೋಟಗಳನ್ನು ಸೊರಗಿಸಿದ ಕಾರಣಗಳಲ್ಲಿ ಆ ರೋಗವೂ ಒಂದು, ಅರೇಬಿಯದಲ್ಲೂ ಅದು ಕಾಣಿಸಿಕೊಂಡಿದೆ. ರೋಗ ತಗುಲಿದ ಗಿಡದ ಹಣ್ಣು ಒಂದು ಮಗ್ಗುಲಿಗೆ ವಾಲಿ ಸೊಟ್ಟಗಾಗುತ್ತದೆ, ತುದಿ ಹಸಿರಾಗಿಯೇ ಉಳಿಯುತ್ತದೆ, ಬೀಜ ಜೊಳ್ಳು, ರುಚಿ ಕಹಿ. ಎಲೆಯ ಹಳದಿಯೂ ಬೇರೆ ರೀತಿ. ಕಬ್ಬಿಣದ ಕೊರತೆಯಲ್ಲಿ ನಡುನರದ ಎಡಬಲ ಎರಡೂ ಒಂದೇ ಥರ ಇರುತ್ತವೆ, ಗ್ರೀನಿಂಗ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಮಚ್ಚೆ. ಇದಕ್ಕೆ ಮದ್ದಿಲ್ಲ, ಗಿಡವನ್ನು ತೆಗೆಯಬೇಕು. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಕರಿಬೇವಿನ ಸಸಿ, ಕಿತ್ತಳೆಯ ಕಸಿಕಡ್ಡಿ ತರಬಾರದು ಎನ್ನುವುದು ಇದರಿಂದಲೇ. ಸಸ್ಯ ಆರೋಗ್ಯದ ಪ್ರಮಾಣಪತ್ರ, ಪರವಾನಗಿ ಇಲ್ಲದೆ ಗಿಡ ತರುವಂತಿಲ್ಲ. ಒಂದು ಚಿಗುರಿನ ಮೇಲೆ ಕೂತು ಬಂದ ಸಿಲ್ಲಾ ಇಲ್ಲಿನ ತೋಟಗಳಿಗೂ ಕೇಡು. ಇದೇ ಕರಿಬೇವು, ಕಿತ್ತಳೆಯ ಎಲೆ ತಿನ್ನುವ, ಮೊದಲು ಹಕ್ಕಿಯ ಹಿಕ್ಕೆಯಂತೆ ಆಮೇಲೆ ಹಸಿರಾಗಿ ಕಾಣುವ ಹುಳು ಚಿಟ್ಟೆಯ ಮರಿ. ನಾಲ್ಕೆಲೆ ತಿಂದರೆ ದೊಡ್ಡ ಗಿಡಕ್ಕೆ ನಷ್ಟವಿಲ್ಲ, ಹಾರಿಹೋಗಲು ಬಿಡಬಹುದು.

ಕೊಯ್ಯುವಾಗ ಹಣ್ಣನ್ನು ಹಿಡಿದು ಎಳೆಯಬಾರದು. ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಕಿತ್ತುಬಂದು ಎರಡೇ ದಿನಕ್ಕೆ ಹಸಿರು ಬೂಷ್ಟು. ಕತ್ತರಿಯಿಂದ ತೊಟ್ಟನ್ನು ಗಿಡ್ಡಗೆ ಕತ್ತರಿಸಿ, ಹಸಿರು ಗುಂಡಿಯಂಥ ಚೂರು ಹಣ್ಣಿಗೆ ಅಂಟಿಕೊಂಡೇ ಇರುವಂತೆ ತೆಗೆಯಬೇಕು. ಜನವರಿ ಮುಗಿಯುವುದರೊಳಗೆ ಕೊನೆಯ ಹಣ್ಣೂ ಇಳಿದರೆ ಒಳ್ಳೆಯದು. ಒಣಗಿದ ಕಡ್ಡಿ, ಒಳಗೊಳಗೆ ಹೆಣೆದುಕೊಂಡ ರೆಂಬೆ ಸವರಲು ಸರಿಯಾದ ಕಾಲವೂ ಅದೇ. ತಡ ಮಾಡಿದರೆ ಹಳೆಯ ಹಣ್ಣು ತೂಗುವ ಕೊಂಬೆಯ ತುದಿಯಲ್ಲೇ ಅಕ್ಕಿಕಾಳಿನಷ್ಟು ಬಿಳಿ ಮೊಗ್ಗುಗಳು ಬಂದಿರುತ್ತವೆ.